ಸಲಹೆಗೂ ಒಂದು ಸರಹದ್ದು

ತುಳುನಾಡಿನ ದೇವಸ್ಥಾನಗಳ ಆಡಳಿತವನ್ನು ಹತ್ತಿರದಿಂದ ಕಂಡವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿ ತಂತ್ರಿಗಳು ಬೇರೆ, ಮೊಕ್ತೇಸರರು ಬೇರೆ. ಬ್ರಹ್ಮಕಲಶ ಯಾವ ವಿಧಿಯಿಂದ ನಡೆಯಬೇಕು, ಯಾವ ಕ್ರಿಯೆಯ ಹಿಂದೆ ಯಾವ ಕ್ರಿಯೆ ಬರಬೇಕು ಎಂದು ಹೇಳುವವರು ತಂತ್ರಿಗಳು. ಅಕ್ಕಿ ಬೆಲ್ಲ ತರಿಸುವುದು, ಚಪ್ಪರ ಹಾಕಿಸುವುದು, ಬಂದವರ ಊಟ ನೋಡಿಕೊಳ್ಳುವುದು, ಲೆಕ್ಕ ಬರೆಯಿಸುವುದು ಮೊಕ್ತೇಸರರ ಹೊಣೆ. ಇವರಿಬ್ಬರಿಗೂ ಮೇಲೆ ಊರಿನ ಹತ್ತು ಸಮಸ್ತರು. ಏರ್ಪಾಡು ಸರಳ, ಎಷ್ಟೋ ತಲೆಮಾರುಗಳಿಂದ ನಡೆದು ಬಂದದ್ದು. ಆದರೂ ಜಗಳಗಳು ಹುಟ್ಟುತ್ತವೆ. ಅವು ಹುಟ್ಟುವ ಜಾಗವನ್ನು ಗಮನಿಸಿದರೆ ಸೋಜಿಗವೆನಿಸುತ್ತದೆ. ವಿಧಿಯ ವಿಷಯದಲ್ಲಿ ಜಗಳವಿಲ್ಲ, ಊಟದ ವಿಷಯದಲ್ಲೂ ಜಗಳವಿಲ್ಲ. ಕೊಡಿಮರ ಹಳತಾಯಿತು, ಬದಲಿಸಬೇಕೆ ಎಂಬ ಪ್ರಶ್ನೆ ಬಂದಾಗ ಜಗಳ. ಏಕೆಂದರೆ ಅದು ಶಾಸ್ತ್ರದ ಮಾತೂ ಹೌದು, ಖರ್ಚಿನ ಮಾತೂ ಹೌದು. ಎರಡು ಹೊಣೆಗಳು ಒಂದನ್ನೊಂದು ಮುಟ್ಟುವ ಗಡಿಯಲ್ಲಿಯೇ ಎಲ್ಲ ವಿವಾದವೂ ಕಾದು ಕುಳಿತಿರುತ್ತದೆ.

ಊರಿನ ದೇವಸ್ಥಾನದ ಈ ಮಾತು ಇಡೀ ಭೂಮಂಡಲದ ಒಂದು ವ್ಯವಹಾರಕ್ಕೂ ಸಲ್ಲುತ್ತದೆ ಎಂದರೆ ಕೆಲವರಿಗೆ ಅತಿಶಯೋಕ್ತಿ ಎನಿಸಬಹುದು. ಹವಾಮಾನ ಬದಲಾವಣೆಯನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿ ಸಲಹೆ ಕೊಡುವ ಎರಡು ಮಂಡಲಿಗಳಿವೆ. ಅವುಗಳ ನಡುವೆ ಹೊಣೆಯನ್ನು ಹಂಚಲು ದೇಶದೇಶಗಳ ಪ್ರತಿನಿಧಿಗಳು ವರ್ಷಗಟ್ಟಲೆ ಕುಳಿತು ಮಾತಾಡಿದ ಇತಿಹಾಸವೊಂದಿದೆ. ಕನ್ನಡ ಪಾಠ ಹೇಳುವುದು ನನ್ನ ಕಸುಬು. ವಿಜ್ಞಾನವಾಗಲಿ ಕಾನೂನಾಗಲಿ ನನ್ನ ವಿಷಯವಲ್ಲ. ಆದರೆ ಈ ಕಥೆಯಲ್ಲಿ ಬರುವುದು ಹೆಚ್ಚಾಗಿ ಮಾತುಗಳೇ. ಯಾವ ಮಾತನ್ನು ಯಾರು ಆಡಬೇಕು, ಯಾವ ಶಬ್ದವನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದೇ ಅಲ್ಲಿನ ಮುಖ್ಯ ವ್ಯಾಪಾರ. ಆದಕಾರಣ ಭಾಷೆಯನ್ನು ಓದಿಕೊಂಡವರೂ ಅದರತ್ತ ಒಮ್ಮೆ ನೋಡಬಹುದು ಎಂಬ ಧೈರ್ಯ ನನ್ನದು.

ಮೊದಲು ಸ್ವಲ್ಪ ಹಿಂದಿನ ಮಾತು. ಜಗತ್ತಿನ ಮೊದಲ ಹವಾಮಾನ ಸಮ್ಮೇಳನ ಜಿನೀವಾ ನಗರದಲ್ಲಿ ೧೯೭೯ರ ಫೆಬ್ರವರಿಯಲ್ಲಿ ನಡೆಯಿತು. ಅದು ಬಹುಮಟ್ಟಿಗೆ ವಿಜ್ಞಾನಿಗಳ ಸಭೆ. ೧೯೮೫ರಲ್ಲಿ ಆಸ್ಟ್ರಿಯದ ಫಿಲಾಕ್ ಎಂಬ ಊರಿನಲ್ಲಿ ವಿಜ್ಞಾನಿಗಳು ಮತ್ತೆ ಸೇರಿ, ಕಲ್ಲಿದ್ದಲು ಎಣ್ಣೆಗಳ ಹೊಗೆಯಿಂದ ಭೂಮಿ ಬಿಸಿಯೇರುವ ಸಂಭವವನ್ನು ಗಟ್ಟಿಯಾಗಿ ಹೇಳಿದರು. ಅದರ ಫಲವಾಗಿ ಕೆಲವೇ ಪರಿಣತರ ಒಂದು ಸಣ್ಣ ಸಲಹಾ ಗುಂಪು ಏರ್ಪಟ್ಟಿತು. ಆದರೆ ಸರ್ಕಾರಗಳಿಗೆ ಅಷ್ಟು ಸಾಕೆನಿಸಲಿಲ್ಲ. ಇಂಥ ದೊಡ್ಡ ಸಂಗತಿಯಲ್ಲಿ, ತಾವು ನೇಮಿಸದ, ತಮಗೆ ಉತ್ತರ ಹೇಳಬೇಕಿಲ್ಲದ ಕೆಲವು ಪಂಡಿತರು ಹೇಳಿದ್ದನ್ನು ಕೇಳುವುದಾದರೂ ಹೇಗೆ ಎಂಬ ಅಳುಕು ಅವುಗಳದು. ಹೀಗಾಗಿ ೧೯೮೮ರಲ್ಲಿ ವಿಶ್ವ ಹವಾಮಾನ ಸಂಸ್ಥೆಯೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವೂ ಕೂಡಿ ಸರ್ಕಾರಗಳ ನಡುವಣ ಒಂದು ಮಂಡಲಿಯನ್ನು ಸ್ಥಾಪಿಸಿದವು. ಐಪಿಸಿಸಿ ಎಂದು ಇಂದು ಪತ್ರಿಕೆಗಳಲ್ಲಿ ನಾವು ಓದುವುದು ಇದನ್ನೇ. ಸ್ವೀಡನ್ನಿನ ಹವಾವಿಜ್ಞಾನಿ ಬರ್ಟ್ ಬೋಲೀನ್ ಅದರ ಮೊದಲ ಅಧ್ಯಕ್ಷರಾದರು. ಬರೆಯುವವರು ವಿಜ್ಞಾನಿಗಳು, ಬರೆದುದರ ಸಾರಾಂಶವನ್ನು ಸಾಲುಸಾಲಾಗಿ ಓದಿ ಒಪ್ಪುವವರು ಸರ್ಕಾರದ ಪ್ರತಿನಿಧಿಗಳು. ಅದರ ಮೊದಲ ವರದಿ ೧೯೯೦ರಲ್ಲಿ ಹೊರಬಂದಿತು.

ಆ ವರದಿ ಬಂದೊಡನೆಯೇ ಹೊಸ ಪ್ರಶ್ನೆ ಎದ್ದಿತು. ಒಪ್ಪಂದವನ್ನು ರಚಿಸುವ ಕೆಲಸವೂ ಇದೇ ಮಂಡಲಿಗೆ ಸೇರಬೇಕೆ? ಸೇರಕೂಡದೆಂದು ಹಿಂದುಳಿದ ದೇಶಗಳಲ್ಲಿ ಅನೇಕವು ಪಟ್ಟು ಹಿಡಿದವು. ಅವುಗಳಿಗೆ ವಿಜ್ಞಾನದ ಮೇಲೆ ದ್ವೇಷವೇನೂ ಇರಲಿಲ್ಲ. ಆದರೆ ವಿಜ್ಞಾನದ ಪೀಠಗಳಲ್ಲಿ ಕುಳಿತವರು ಹೆಚ್ಚಾಗಿ ಶ್ರೀಮಂತ ದೇಶಗಳವರು. ಪ್ರಯೋಗಾಲಯಗಳು, ಗಣಕಯಂತ್ರಗಳು, ಪ್ರಯಾಣದ ವೆಚ್ಚ, ಎಲ್ಲವೂ ಅವರಲ್ಲಿಯೇ. ೧೯೯೦ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಂದದ ಮಾತುಕತೆಗೆ ಪ್ರತ್ಯೇಕ ಸಮಿತಿಯೊಂದನ್ನು ನೇಮಿಸಿತು. ಫ್ರಾನ್ಸಿನ ಜಾನ್ ರಿಪೇರ್ ಅದರ ಅಧ್ಯಕ್ಷರು. ತಿಳಿಯುವ ಕೆಲಸವೂ ತೀರ್ಮಾನಿಸುವ ಕೆಲಸವೂ ಅಂದು ಬೇರೆಬೇರೆ ಮನೆ ಹೂಡಿದವು.

ಆ ದೇಶಗಳ ಅಳುಕು ಬರಿಯ ಸಂಶಯವಾಗಿರಲಿಲ್ಲ ಎಂಬುದಕ್ಕೆ ನಮ್ಮ ಗದ್ದೆಗಳೇ ಸಾಕ್ಷಿ. ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಎಂಬ ಅನಿಲ ಹೊರಡುತ್ತದೆ. ಅದೂ ಭೂಮಿಯ ಬಿಸಿಯನ್ನು ಏರಿಸತಕ್ಕದ್ದು. ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು ೩.೭ ಕೋಟಿ ಟನ್ನಿನಷ್ಟು ಮೀಥೇನ್ ಹೊರಡುತ್ತದೆಂದು ಅಮೆರಿಕದಲ್ಲಿ ಮಾಡಿದ ಒಂದು ಅಂದಾಜು ಹೇಳುತ್ತಿತ್ತು. ಅದೇ ಕಾಲದಲ್ಲಿ ಹೊರಬಂದ ಇನ್ನೊಂದು ಅಮೆರಿಕನ್ ವರದಿ, ಗದ್ದೆ ದನಕರುಗಳ ಅನಿಲವನ್ನೂ ಲೆಕ್ಕಕ್ಕೆ ಸೇರಿಸಿ, ಭಾರತವನ್ನು ಜಗತ್ತಿನ ದೊಡ್ಡ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿತು. ದಿಲ್ಲಿಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ೧೯೯೧ರಲ್ಲಿ ಒಂದು ಪುಸ್ತಿಕೆ ಬರೆದು ಈ ಎಣಿಕೆಯನ್ನು ಖಂಡಿಸಿದರು. ಬಡವನ ಅನ್ನದ ಗದ್ದೆಯ ಅನಿಲವನ್ನೂ ಧನಿಕನ ಮೋಟಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆ ಎಂಬುದು ಅವರ ವಾದದ ತಿರುಳು. ಅದೇ ವರ್ಷ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ ಅವರ ನೇತೃತ್ವದಲ್ಲಿ ನಮ್ಮ ವಿಜ್ಞಾನಿಗಳು ದೇಶದ ಹಲವೆಡೆ ಗದ್ದೆಗಿಳಿದು ಅನಿಲವನ್ನು ಅಳೆದರು. ಲೆಕ್ಕ ಬಂದುದು ೪೦ ಲಕ್ಷ ಟನ್ನಿನ ಆಸುಪಾಸಿನಲ್ಲಿ. ಮೊದಲಿನ ಅಂದಾಜಿನ ಸುಮಾರು ಒಂಬತ್ತನೆಯ ಒಂದು ಪಾಲು!

ನಮ್ಮ ಕರಾವಳಿಯ ರೈತನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬೈಲು, ಮಜಲು, ಬೆಟ್ಟು ಎಂದು ಆತ ಗದ್ದೆಗಳನ್ನು ಮೂರಾಗಿ ವಿಂಗಡಿಸಿದ್ದಾನೆ. ಬೈಲಿನಲ್ಲಿ ನೀರು ತಿಂಗಳುಗಟ್ಟಲೆ ನಿಲ್ಲುತ್ತದೆ. ಬೆಟ್ಟುಗದ್ದೆ ಮಳೆ ನಿಂತೊಡನೆ ಒಣಗುತ್ತದೆ. ಒಂದೇ ಊರಿನ ಮೂರು ಗದ್ದೆಗಳಿಗೆ ಒಂದೇ ಲೆಕ್ಕ ಸಲ್ಲದಿರುವಾಗ, ಕಡಲಾಚೆಯ ಗದ್ದೆಯ ಅಳತೆಯನ್ನು ತಂದು ಇಡೀ ಭಾರತಕ್ಕೆ ಗುಣಿಸಿದರೆ ಏನಾದೀತು? ಹೇಗೆ ಅಳೆಯಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಬರಿಯ ವಿಜ್ಞಾನದ್ದು. ಆದರೆ ಆ ಉತ್ತರದ ಬಾಲಕ್ಕೆ ಯಾರು ಎಷ್ಟು ತೆರಬೇಕು ಎಂಬ ಪ್ರಶ್ನೆ ಕಟ್ಟಿಕೊಂಡಿರುತ್ತದೆ. ಮುಂದಿನ ಕಥೆಯೆಲ್ಲ ಅರ್ಥವಾಗಬೇಕಾದರೆ ಈ ಒಂದು ಸಂಗತಿಯನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು.

ಒಡಂಬಡಿಕೆ ೧೯೯೨ರ ಮೇ ೯ರಂದು ನ್ಯೂಯಾರ್ಕಿನಲ್ಲಿ ಅಂಗೀಕಾರವಾಯಿತು. ಜೂನ್ ತಿಂಗಳಲ್ಲಿ ರಿಯೋ ನಗರದಲ್ಲಿ ಸಹಿಗೆ ತೆರೆಯಿತು. ಭಾರತ ಜೂನ್ ೧೦ರಂದು ಸಹಿ ಹಾಕಿ, ೧೯೯೩ರ ನವೆಂಬರಿನಲ್ಲಿ ಅದನ್ನು ಸ್ಥಿರೀಕರಿಸಿತು. ೧೯೯೪ರ ಮಾರ್ಚ್ ೨೧ರಿಂದ ಅದು ಜಾರಿಗೆ ಬಂದಿತು. ಅದರ ಏಳನೆಯ ವಿಧಿ ಎಲ್ಲ ಸದಸ್ಯ ದೇಶಗಳ ಮಹಾಸಭೆಯನ್ನು ಏರ್ಪಡಿಸುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಹತ್ತು ಸಮಸ್ತರು. ಒಂಬತ್ತನೆಯ ವಿಧಿಯಲ್ಲಿ ವೈಜ್ಞಾನಿಕ ಮತ್ತು ತಾಂತ್ರಿಕ ಸಲಹೆಯ ಮಂಡಲಿ, ಹತ್ತನೆಯ ವಿಧಿಯಲ್ಲಿ ಅನುಷ್ಠಾನದ ಮಂಡಲಿ. ಮೊದಲನೆಯದಕ್ಕೆ ಇಂಗ್ಲಿಷಿನ ಮೊದಲಕ್ಷರಗಳಿಂದ ಎಸ್‌ಬಿಎಸ್‌ಟಿಎ ಎಂಬ ಉದ್ದನೆಯ ಹೆಸರು, ಎರಡನೆಯದಕ್ಕೆ ಎಸ್‌ಬಿಐ. ಈ ಎರಡನೆಯ ಹೆಸರನ್ನು ಕೇಳಿದಾಗ ನಮ್ಮವರಿಗೆ ಬ್ಯಾಂಕು ನೆನಪಾದರೆ ತಪ್ಪಲ್ಲ. ಒಡಂಬಡಿಕೆಯ ಹಣಕಾಸಿನ ಮಾತುಗಳು ಬಹುಪಾಲು ಅಲ್ಲಿಗೇ ಬರುತ್ತವೆ. ಈ ಲೇಖನದಲ್ಲಿ ನಾನು ಅವನ್ನು ವಿಜ್ಞಾನ ಮಂಡಲಿ, ಅನುಷ್ಠಾನ ಮಂಡಲಿ ಎಂದೇ ಕರೆಯುತ್ತೇನೆ.

ವಿಧಿಗಳ ಪ್ರಕಾರ ವಿಜ್ಞಾನ ಮಂಡಲಿಯ ಕೆಲಸ, ಹವಾಮಾನದ ವಿಷಯದಲ್ಲಿ ವಿಜ್ಞಾನ ಎಲ್ಲಿಯವರೆಗೆ ಬಂದಿದೆ ಎಂದು ಮಹಾಸಭೆಗೆ ತಿಳಿಸುವುದು. ಕೈಗೊಂಡ ಕ್ರಮಗಳ ಪರಿಣಾಮವನ್ನು ವಿಜ್ಞಾನದ ದೃಷ್ಟಿಯಿಂದ ತೂಗುವುದು. ಹೊಸ ತಂತ್ರಗಳನ್ನು ಗುರುತಿಸುವುದು. ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳುವುದು. ಅನುಷ್ಠಾನ ಮಂಡಲಿಯ ಕೆಲಸ, ದೇಶಗಳು ಕಳಿಸುವ ವರದಿಗಳನ್ನು ನೋಡಿ, ಎಲ್ಲರ ಕ್ರಮಗಳಿಂದ ಒಟ್ಟಾರೆ ಆದ ಫಲವೇನು ಎಂದು ನಿರ್ಣಯಿಸುವುದು. ಮಹಾಸಭೆಯ ತೀರ್ಮಾನಗಳನ್ನು ಸಿದ್ಧಪಡಿಸಲು, ನಡೆಸಲು ನೆರವಾಗುವುದು. ಒಂದು ವಿಶೇಷವನ್ನು ಗಮನಿಸಬೇಕು. ಎರಡೂ ಮಂಡಲಿಗಳು ಎಲ್ಲ ದೇಶಗಳಿಗೂ ತೆರೆದಿವೆ. ಎರಡರಲ್ಲಿಯೂ ಕುಳಿತುಕೊಳ್ಳುವವರು ಸರ್ಕಾರದ ಪ್ರತಿನಿಧಿಗಳೇ. ವಿಜ್ಞಾನ ಮಂಡಲಿ ಎಂಬ ಹೆಸರು ಕೇಳಿ ಅಲ್ಲಿ ಸ್ವತಂತ್ರ ವಿಜ್ಞಾನಿಗಳು ಕುಳಿತಿರುತ್ತಾರೆಂದು ಭಾವಿಸಬಾರದು. ಆ ವಿಷಯ ಬಲ್ಲ ಸರ್ಕಾರಿ ಪ್ರತಿನಿಧಿಗಳು ಕುಳಿತಿರುತ್ತಾರೆ. ಶುದ್ಧ ವಿಜ್ಞಾನ ಐಪಿಸಿಸಿಯಲ್ಲಿ, ಶುದ್ಧ ರಾಜಕಾರಣ ಮಹಾಸಭೆಯಲ್ಲಿ ಎಂದಿಟ್ಟುಕೊಂಡರೆ, ವಿಜ್ಞಾನ ಮಂಡಲಿ ಇವೆರಡರ ನಡುವಿನ ಕಾಲುಸಂಕ.

ಕಾಗದದ ಮೇಲೆ ಈ ಹಂಚಿಕೆ ಚೆನ್ನಾಗಿ ಕಾಣುತ್ತದೆ. ಆದರೆ ಮೇಲೆ ಹೇಳಿದ ಕೊಡಿಮರ ಇಲ್ಲಿಯೂ ಎದುರಾಯಿತು. ಒಂದು ದೇಶ ತನ್ನ ಹೊಗೆಯ ಲೆಕ್ಕವನ್ನು ಕಳಿಸುತ್ತದೆ ಎನ್ನಿ. ಲೆಕ್ಕ ಹಾಕಿದ ರೀತಿ ಸರಿಯೆ ಎಂದು ನೋಡುವುದು ವಿಜ್ಞಾನ. ಲೆಕ್ಕದಂತೆ ಆ ದೇಶ ನಡೆದುಕೊಂಡಿತೆ ಎಂದು ನೋಡುವುದು ಅನುಷ್ಠಾನ. ಆದರೆ ವರದಿ ಒಂದೇ! ಅದು ಯಾರ ಮೇಜಿನ ಮೇಲೆ ಬೀಳಬೇಕು? ಬಡ ದೇಶಗಳಿಗೆ ಹೊಸ ಯಂತ್ರವಿದ್ಯೆಯನ್ನು ಕೊಡಬೇಕೆಂಬ ಮಾತಿದೆ. ಯಾವ ಯಂತ್ರ ಒಳ್ಳೆಯದು ಎಂಬುದು ವಿಜ್ಞಾನ; ಯಾರು ಯಾರಿಗೆ ಯಾವ ಬೆಲೆಗೆ ಕೊಡಬೇಕು ಎಂಬುದು ಅನುಷ್ಠಾನ. ಇವುಗಳನ್ನು ಕತ್ತರಿಸುವ ಕತ್ತಿ ಎಲ್ಲಿದೆ?

ಮಹಾಸಭೆಯ ಮೊದಲ ಅಧಿವೇಶನ ೧೯೯೫ರ ಮಾರ್ಚ್ ೨೮ರಿಂದ ಏಪ್ರಿಲ್ ೭ರವರೆಗೆ ಬರ್ಲಿನ್ನಿನಲ್ಲಿ ನಡೆಯಿತು. ಆಗ ಜರ್ಮನಿಯ ಪರಿಸರ ಮಂತ್ರಿಯಾಗಿದ್ದ, ಮುಂದೆ ಆ ದೇಶದ ಚಾನ್ಸಲರ್ ಆದ ಆಂಗೆಲಾ ಮೆರ್ಕೆಲ್ ಅವರೇ ಅದರ ಅಧ್ಯಕ್ಷೆ. ಅಲ್ಲಿಯ ಆರನೆಯ ನಿರ್ಣಯ ಈ ಎರಡು ಮಂಡಲಿಗಳ ಪಾತ್ರವನ್ನು ವಿವರಿಸಿತು. ವಿಜ್ಞಾನದ ಪರಿಶೀಲನೆಗಳಿಗೂ ಮಹಾಸಭೆಯ ನೀತಿಯ ಅಗತ್ಯಗಳಿಗೂ ನಡುವೆ ವಿಜ್ಞಾನ ಮಂಡಲಿ ಕೊಂಡಿಯಾಗಿರಬೇಕು; ಜಾರಿಯ ಪರಿಶೀಲನೆಗೆ ಬೇಕಾದ ಶಿಫಾರಸುಗಳನ್ನು ಅನುಷ್ಠಾನ ಮಂಡಲಿ ಸಿದ್ಧಪಡಿಸಬೇಕು. ೧೯೯೫ರ ಆಗಸ್ಟ್ ಕೊನೆಯಲ್ಲಿ ಜಿನೀವಾದಲ್ಲಿ ಮಂಡಲಿಗಳು ಮೊದಲ ಬಾರಿ ಸೇರಿದವು. ವಿಜ್ಞಾನ ಮಂಡಲಿಗೆ ಹಂಗೆರಿಯ ಟಿಬೋರ್ ಫರಾಗೋ, ಅನುಷ್ಠಾನ ಮಂಡಲಿಗೆ ಮಾರಿಟೇನಿಯದ ಮಹಮದ್ ಔಲ್ದ್ ಎಲ್ ಘೌತ್ ಅಧ್ಯಕ್ಷರು.

ಮೊದಲ ಎಡವು ಅಲ್ಲಿಯೇ ಆಯಿತು. ವಿಜ್ಞಾನ ಮಂಡಲಿಯ ಕೆಳಗೆ ತಾಂತ್ರಿಕ ಪರಿಣತರ ಸಣ್ಣ ಸಮಿತಿಗಳನ್ನು ರಚಿಸುವ ಆಲೋಚನೆ ಬರ್ಲಿನ್ನಿನಲ್ಲಿ ಬಂದಿತ್ತು. ಪರಿಣತರು ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಯಾವ ದೇಶಗಳಿಂದ ಎಷ್ಟು ಜನ? ಈ ಎಣಿಕೆಯಲ್ಲಿ ಮಾತು ನಿಂತಿತು. ಕೊನೆಗೆ ಸಮಿತಿಗಳ ಬದಲು ಪರಿಣತರ ಹೆಸರುಗಳ ಒಂದು ಪಟ್ಟಿ ಸಿದ್ಧವಾಯಿತು. ಜ್ಞಾನಕ್ಕೆ ಜಾತಿಯಿಲ್ಲ ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಜ್ಞಾನಕ್ಕೆ ಇಲ್ಲದಿರಬಹುದು, ಅದನ್ನು ಹೇಳಲು ಪೀಠದ ಮೇಲೆ ಕೂರಿಸುವ ಜನರಿಗೆ ದೇಶ ಉಂಟು, ಆ ದೇಶಕ್ಕೆ ಹಿತಾಸಕ್ತಿ ಉಂಟು.

ಎರಡು ವರ್ಷಗಳ ಅನುಭವದ ಮೇಲೆ ೧೯೯೭ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಗಡಿಯನ್ನು ಮತ್ತೆ ಎಳೆಯಲಾಯಿತು. ಕ್ಯೋಟೋ ಎಂದೊಡನೆ ಎಲ್ಲರೂ ನೆನೆಯುವುದು ಶ್ರೀಮಂತ ದೇಶಗಳಿಗೆ ಹೊಗೆ ತಗ್ಗಿಸುವ ಮಿತಿ ಹಾಕಿದ ಪ್ರೋಟೋಕಾಲನ್ನು. ಅದೇ ಸಭೆಯ ಹದಿಮೂರನೆಯ ನಿರ್ಣಯವನ್ನು ನೆನೆಯುವವರು ವಿರಳ. ಅದರ ಶೀರ್ಷಿಕೆಯೇ ಎರಡು ಮಂಡಲಿಗಳ ನಡುವೆ ಶ್ರಮವಿಭಾಗ. ದೇಶಗಳ ವರದಿಯಲ್ಲಿ ಏನಿರಬೇಕು, ಒಂದು ದೇಶದ ಲೆಕ್ಕವನ್ನು ಇನ್ನೊಂದರ ಜೊತೆ ಹೋಲಿಸಲು ಬರುವಂತೆ ಯಾವ ಕ್ರಮದಲ್ಲಿ ಲೆಕ್ಕ ಹಾಕಬೇಕು ಎಂಬ ಮಾರ್ಗದರ್ಶಿಯನ್ನು ವಿಜ್ಞಾನ ಮಂಡಲಿ ಸಿದ್ಧಪಡಿಸಬೇಕು. ಬಂದ ವರದಿಗಳನ್ನು ಯಾವ ಪದ್ಧತಿಯಿಂದ ಪರಿಶೀಲಿಸಬೇಕು ಎಂಬುದನ್ನು ಅನುಷ್ಠಾನ ಮಂಡಲಿ ನೋಡಿಕೊಳ್ಳಬೇಕು. ಅಂದರೆ ಅಳತೆಗೋಲು ಒಬ್ಬರ ಕೈಯಲ್ಲಿ, ಅಳೆದು ನೋಡುವ ಪದ್ಧತಿ ಇನ್ನೊಬ್ಬರ ಕೈಯಲ್ಲಿ. ಆ ನಿರ್ಣಯದಲ್ಲಿ ನನಗೆ ಬಹಳ ಹಿಡಿಸಿದ ಅಂಶ ಮತ್ತೊಂದು. ಒಬ್ಬರಿಗೆ ಮುಖ್ಯ ಹೊಣೆ ಕೊಟ್ಟ ಕಡೆಯಲ್ಲಿಯೂ ಇನ್ನೊಬ್ಬರ ಅಭಿಪ್ರಾಯವನ್ನು ಪಡೆಯಬೇಕೆಂದು ಅದು ಹೇಳುತ್ತದೆ. ಗಡಿ ಇದೆ, ಗೋಡೆ ಇಲ್ಲ. ನಮ್ಮಲ್ಲಿ ಎರಡು ಗದ್ದೆಗಳ ನಡುವಿನ ಕಟ್ಟಹುಣಿ ಹಾಗೆಯೇ ತಾನೆ? ನಿನ್ನದು ಇಲ್ಲಿಗೆ, ನನ್ನದು ಇಲ್ಲಿಂದ ಎಂದು ಅದು ಹೇಳುತ್ತದೆ. ಜೊತೆಗೆ, ಹೆಚ್ಚಾದ ನೀರು ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ ಇಳಿಯಲು ಅದರಲ್ಲಿ ಒಂದು ಕಂಡಿಯೂ ಇರುತ್ತದೆ.

ಹೀಗೆ ಎಳೆದ ಗಡಿ ಬಾಳಿತೆ ಎಂದರೆ ಬಾಳಿತು. ಒಡಂಬಡಿಕೆಯ ಕಚೇರಿ ೧೯೯೬ರಲ್ಲಿ ಜರ್ಮನಿಯ ಬಾನ್ ನಗರಕ್ಕೆ ಬಂದ ಮೇಲೆ ಮಂಡಲಿಗಳು ವರ್ಷದ ನಡುವೆ ಅಲ್ಲಿ ಸೇರುವುದು ರೂಢಿಯಾಯಿತು. ೨೦೧೫ರ ಪ್ಯಾರಿಸ್ ಒಪ್ಪಂದ ಹೊಸ ಮಂಡಲಿಗಳನ್ನು ಹುಟ್ಟಿಸುವ ಬದಲು, ತನ್ನ ಹದಿನೆಂಟನೆಯ ವಿಧಿಯಲ್ಲಿ ಇದೇ ಎರಡನ್ನು ತನ್ನವೆಂದು ಒಪ್ಪಿಕೊಂಡಿತು. ಆದರೆ ಗಡಿ ಬಾಳಿತೆಂದ ಮಾತ್ರಕ್ಕೆ ಕಲಹ ನಿಂತಿತೆಂದಲ್ಲ. ೨೦೧೮ರ ಡಿಸೆಂಬರಿನಲ್ಲಿ ಪೋಲೆಂಡಿನ ಕಾಟೊವಿತ್ಸೆಯಲ್ಲಿ ನಡೆದ ಪ್ರಸಂಗವೊಂದು ಭಾಷೆ ಕಲಿಸುವವರು ಮರೆಯಬಾರದಂಥದು. ಭೂಮಿಯ ಬಿಸಿ ೧.೫ ಡಿಗ್ರಿಯಷ್ಟು ಏರಿದರೆ ಏನಾದೀತು ಎಂದು ತಿಳಿಸಿರೆಂದು ೨೦೧೫ರಲ್ಲಿ ಐಪಿಸಿಸಿಯನ್ನು ಕೇಳಿಕೊಂಡದ್ದು ಇದೇ ಮಹಾಸಭೆ. ವರದಿ ೨೦೧೮ರ ಅಕ್ಟೋಬರಿನಲ್ಲಿ ಬಂದಿತು. ವಿಜ್ಞಾನ ಮಂಡಲಿಯಲ್ಲಿ ಬಹುಪಾಲು ದೇಶಗಳು ಈ ವರದಿಯನ್ನು ಸ್ವಾಗತಿಸುತ್ತೇವೆ ಎಂದು ಬರೆಯೋಣ ಎಂದವು. ಅಮೆರಿಕ, ಸೌದಿ ಅರೇಬಿಯ, ರಷ್ಯ, ಕುವೈತ್ ಒಪ್ಪಲಿಲ್ಲ. ಗಮನಿಸಿದ್ದೇವೆ ಎಂದಷ್ಟೇ ಬರೆದರೆ ಸಾಕೆಂದವು. ಈ ಸಭೆಗಳಲ್ಲಿ ಮತ ಹಾಕುವ ನಿಯಮಕ್ಕೆ ಇಂದಿಗೂ ಒಪ್ಪಿಗೆ ಸಿಕ್ಕಿಲ್ಲ. ಆದ್ದರಿಂದ ಎಲ್ಲರೂ ಒಮ್ಮತಕ್ಕೆ ಬರಬೇಕು, ಇಲ್ಲವಾದರೆ ಮಾತು ಮುಂದಿನ ಸಭೆಗೆ. ವಿಜ್ಞಾನ ಮಂಡಲಿಯಲ್ಲಿ ಅಂದು ಆದುದು ಅದೇ. ಕೊನೆಗೆ ಮಹಾಸಭೆ ಒಂದು ದಾರಿ ಕಂಡುಕೊಂಡಿತು: ವರದಿಯನ್ನಲ್ಲ, ವರದಿ ಸಕಾಲಕ್ಕೆ ಮುಗಿದುದನ್ನು ಸ್ವಾಗತಿಸಿತು!

ಮದುವೆಗೆ ಬಂದ ನೆಂಟನನ್ನು ಬನ್ನಿ ಎನ್ನುವುದಕ್ಕೂ ಬಂದಿರಾ ಎನ್ನುವುದಕ್ಕೂ ಇರುವ ವ್ಯತ್ಯಾಸ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಇದೂ ಅಂಥದೇ. ಸ್ವಾಗತಿಸಿದೆವೆಂದರೆ ಒಳಗೆ ಕರೆದು ಮಣೆ ಹಾಕಿದಂತೆ. ಮುಂದೆ ಊಟ ಬಡಿಸಬೇಕಾಗುತ್ತದೆ. ಗಮನಿಸಿದೆವೆಂದರೆ ಜಗಲಿಯಲ್ಲಿ ನಿಲ್ಲಿಸಿದಂತೆ. ಶಬ್ದದ ಆ ಹಟದ ಹಿಂದೆ ಎಣ್ಣೆಯ ಬಾವಿಗಳೂ ಕಲ್ಲಿದ್ದಲ ಗಣಿಗಳೂ ಇದ್ದವು.

ಇಷ್ಟು ಹೊತ್ತು ದೂರದ ಮಾತಾಡಿದ್ದಾಯಿತು. ಮಣಿಪಾಲದ ಗುಡ್ಡದ ಮೇಲಿಂದ ನೋಡುವವರಿಗೆ ಪಡುವಣದಲ್ಲಿ ಕಡಲೂ ಮೂಡಣದಲ್ಲಿ ಘಟ್ಟವೂ ಕಾಣುತ್ತವೆ. ಹವಾಮಾನದ ಪರಿಣಾಮವನ್ನು ಅಳೆಯಲು ೨೦೧೦ರಲ್ಲಿ ಕೇಂದ್ರ ಸರ್ಕಾರ ಹೊರತಂದ ವರದಿಯೊಂದು ದೇಶದ ನಾಲ್ಕು ಸೂಕ್ಷ್ಮ ಪ್ರದೇಶಗಳನ್ನು ಆರಿಸಿಕೊಂಡಿತ್ತು: ಹಿಮಾಲಯ, ಈಶಾನ್ಯ, ಪಶ್ಚಿಮ ಘಟ್ಟ, ಕರಾವಳಿ. ಅವುಗಳಲ್ಲಿ ಎರಡು ನಮ್ಮ ಉಡುಪಿ ಜಿಲ್ಲೆಗೇ ಸೇರಿವೆ. ಕಾಪು ತಾಲೂಕಿನ ಎಲ್ಲೂರಿನಲ್ಲಿ ೧,೨೦೦ ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರವಿದೆ. ಘಟ್ಟದ ತಪ್ಪಲಲ್ಲಿ ಕುದುರೆಮುಖದ ಕಾಡೂ ಸೋಮೇಶ್ವರ ಅಭಯಾರಣ್ಯವೂ ಇವೆ. ಮಣಿಪಾಲ ಉಡುಪಿಗಳು ಕುಡಿಯುವ ನೀರು ಸ್ವರ್ಣಾ ನದಿಯದು, ಬಜೆ ಅಣೆಕಟ್ಟಿನದು. ಘಟ್ಟದ ಕಡೆಯಿಂದ ಇಳಿದು ಬರುವ ಆ ನದಿ ಬೇಸಗೆಯಲ್ಲಿ ಸೊರಗಿದರೆ ನಮ್ಮ ನಲ್ಲಿಗಳೂ ಸೊರಗುತ್ತವೆ. ಆದಕಾರಣ ಘಟ್ಟದ ವಿಷಯದಲ್ಲಿ ಯಾರು ಸಲಹೆ ಕೊಡಬೇಕು, ಯಾರು ಕೇಳಬೇಕು ಎಂಬುದು ನಮಗೆ ಪರದೇಶದ ಸುದ್ದಿಯಲ್ಲ.

ಇಲ್ಲಿಯೂ ಎರಡು ಸಲಹಾ ಮಂಡಲಿಗಳಾದವು. ೨೦೧೦ರ ಮಾರ್ಚಿನಲ್ಲಿ ಕೇಂದ್ರದ ಪರಿಸರ ಮಂತ್ರಾಲಯ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಪರಿಣತರ ಸಮಿತಿಯನ್ನು ನೇಮಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದ ಗಾಡ್ಗೀಳರು ಕನ್ನಡಿಗರಿಗೆ ಹೊಸಬರಲ್ಲ. ೨೦೧೧ರ ಆಗಸ್ಟಿನಲ್ಲಿ ಅವರು ವರದಿ ಒಪ್ಪಿಸಿದರು. ಘಟ್ಟವನ್ನು ಸುಮಾರು ೯ ಕಿಲೋಮೀಟರ್ ಚದರದ ಚೌಕಗಳಾಗಿ ವಿಂಗಡಿಸಿ, ಸೂಕ್ಷ್ಮತೆಗೆ ತಕ್ಕಂತೆ ಮೂರು ವಲಯಗಳನ್ನು ಗುರುತಿಸಿದ್ದರು. ಇದು ಬರಿಯ ಕರಡು. ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ತಿದ್ದಬೇಕಾದದ್ದು ಎಂದೂ ಹೇಳಿದ್ದರು. ಇದನ್ನೆಲ್ಲ ನಡೆಸಲು ಕೇಂದ್ರದಲ್ಲಿ ಒಂದು ಪ್ರಾಧಿಕಾರ, ರಾಜ್ಯ ಜಿಲ್ಲೆಗಳಲ್ಲಿ ಅದರ ಶಾಖೆಗಳು ಬೇಕೆಂದರು. ಆದರೆ ವರದಿ ಊರಿನವರ ಕೈಗೆ ಬರಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ, ಕೇಂದ್ರ ಮಾಹಿತಿ ಆಯೋಗ, ದಿಲ್ಲಿಯ ಹೈಕೋರ್ಟು, ಇಷ್ಟನ್ನು ದಾಟಿ ೨೦೧೨ರ ಮೇ ತಿಂಗಳಲ್ಲಿ ಅದು ಬೆಳಕು ಕಂಡಿತು. ಗ್ರಾಮಸಭೆಗಾಗಿ ಬರೆದ ಕಾಗದ ಸುಮಾರು ಒಂಬತ್ತು ತಿಂಗಳು ಗ್ರಾಮದಿಂದ ಬಚ್ಚಿಟ್ಟುಕೊಂಡಿತ್ತು.

೨೦೧೨ರ ಆಗಸ್ಟಿನಲ್ಲಿ ಕೆ. ಕಸ್ತೂರಿರಂಗನ್ನರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ. ಮೊದಲ ವರದಿಯನ್ನು ಪರಿಶೀಲಿಸಿ ಮುಂದಿನ ದಾರಿ ಹೇಳುವುದು ಅದರ ಕೆಲಸ. ೨೦೧೩ರ ಏಪ್ರಿಲಿನಲ್ಲಿ ಅದು ವರದಿ ಕೊಟ್ಟಿತು. ಉಪಗ್ರಹದ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು, ಗ್ರಾಮವನ್ನೇ ಘಟಕವಾಗಿ ಹಿಡಿದು, ಘಟ್ಟದ ಸುಮಾರು ಶೇಕಡಾ ೩೭ ಭಾಗವನ್ನು, ಅಂದರೆ ಸುಮಾರು ೬೦,೦೦೦ ಚದರ ಕಿಲೋಮೀಟರನ್ನು, ಪರಿಸರ ಸೂಕ್ಷ್ಮ ಪ್ರದೇಶವೆಂದಿತು. ಕರ್ನಾಟಕದ ಪಾಲು ೨೦,೬೬೮ ಚದರ ಕಿಲೋಮೀಟರ್. ಕಾರ್ಕಳ, ಕುಂದಾಪುರ ತಾಲೂಕುಗಳ ಹಳ್ಳಿಗಳೂ ಪಟ್ಟಿಯಲ್ಲಿ ಬಂದವು. ಅವುಗಳಲ್ಲಿ ಕೆಲವು ಈಗ ಹೆಬ್ರಿ ತಾಲೂಕಿಗೆ ಸೇರಿವೆ. ಹೊಸ ಪ್ರಾಧಿಕಾರದ ಬದಲು ಇರುವ ಸಂಸ್ಥೆಗಳನ್ನೇ ಬಲಪಡಿಸಿದರೆ ಸಾಕು ಎಂಬುದು ಈ ಸಮಿತಿಯ ಅಭಿಪ್ರಾಯ. ಗಣಿಗಾರಿಕೆ, ಕಲ್ಲುಕೋರೆ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೈಗಾರಿಕೆ, ೨೦,೦೦೦ ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡ, ಇವು ಬೇಡವೆಂದಿತು. ಬೇಸಾಯವನ್ನು ಬೇಡವೆನ್ನಲಿಲ್ಲ. ಆದರೂ ಹಳ್ಳಿಗಳಲ್ಲಿ ಹರಡಿದ ಸುದ್ದಿ, ಒಕ್ಕಲೆಬ್ಬಿಸುತ್ತಾರೆ ಎಂಬುದು.

ಇಲ್ಲಿ ಯಾರನ್ನು ದೂರಬೇಕು? ಹಳ್ಳಿಯವರನ್ನು ದೂರಲು ನನಗೆ ಮನಸ್ಸಿಲ್ಲ. ಕಾಡಂಚಿನ ರೈತ, ಕಾನೂನಿನ ಕಾಗದವೆಂದರೆ ಬೆಚ್ಚುವುದಕ್ಕೆ ಅವನದೇ ಅನುಭವ ಕಾರಣ. ಅಡಕೆ ತೋಟ, ಅದರ ಪಕ್ಕದ ಸೊಪ್ಪಿನ ಬೆಟ್ಟ, ಗೇರು ಹಾಡಿ ಇವು ಯಾವ ಬಣ್ಣದಲ್ಲಿ ನಕ್ಷೆಯಲ್ಲಿ ಕಾಣುತ್ತವೆ ಎಂದು ಅವನಿಗೆ ಯಾರೂ ತೋರಿಸಲಿಲ್ಲ. ಬೈಲನ್ನೂ ಬೆಟ್ಟನ್ನೂ ಒಂದೇ ಎಂದು ಗುಣಿಸಿದ ಹಳೆಯ ಮೀಥೇನ್ ಲೆಕ್ಕವನ್ನು ನಾವು ದೇಶವಾಗಿ ಪ್ರತಿಭಟಿಸಿದೆವು. ತನ್ನ ತೋಟವನ್ನು ಆಕಾಶದಿಂದ ಅಳೆದರೆ ಪ್ರತಿಭಟಿಸುವ ಹಕ್ಕು ರೈತನಿಗೆ ಇಲ್ಲವೆ? ಹಾಗೆಂದು ವಿಜ್ಞಾನಿಗಳನ್ನು ದೂರುವುದೂ ಸಲ್ಲದು. ಗುಡ್ಡದ ಕಾಲು ಕಡಿದರೆ ಗುಡ್ಡ ಜರಿಯುತ್ತದೆ ಎಂಬ ಮಾತು ಯಾರ ಒಪ್ಪಿಗೆಗೂ ಕಾಯುವುದಿಲ್ಲ. ೨೦೨೪ರ ಜುಲೈ ೩೦ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಮರುದಿನವೇ ಕೇಂದ್ರ ಸರ್ಕಾರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಮತ್ತೆ ಹೊರಡಿಸಿತು. ೨೦೧೪ರಿಂದ ಅದು ಆರನೆಯ ಕರಡು. ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕದ ಮಂತ್ರಿಮಂಡಲ ವರದಿಯನ್ನು ಒಪ್ಪುವುದಿಲ್ಲವೆಂದು ತೀರ್ಮಾನಿಸಿತು.

ದೋಷ ಇರುವುದು ಹೊಣೆಯ ಹಂಚಿಕೆಯಲ್ಲಿ ಎಂದು ನನಗೆ ತೋರುತ್ತದೆ. ಕ್ಯೋಟೋದ ಹದಿಮೂರನೆಯ ನಿರ್ಣಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಎರಡು ಮಂಡಲಿಗಳು ಒಂದೇ ಕಾಲದಲ್ಲಿ, ಒಂದೇ ಮಹಾಸಭೆಯ ಕೆಳಗೆ, ಬೇರೆಬೇರೆ ಕೆಲಸ ಮಾಡುತ್ತವೆ. ಇಲ್ಲಿ ಎರಡು ಸಮಿತಿಗಳು ಒಂದರ ಹಿಂದೆ ಒಂದು ಬಂದು ಒಂದೇ ಕೆಲಸವನ್ನು ಎರಡು ರೀತಿ ಮಾಡಿದವು. ಸೂಕ್ಷ್ಮ ಪ್ರದೇಶ ಯಾವುದು ಎಂಬುದು ವಿಜ್ಞಾನದ ಪ್ರಶ್ನೆ. ಅಲ್ಲಿ ಏನು ಮಾಡಬೇಕು, ಯಾರಿಗೆ ನಷ್ಟ, ಆ ನಷ್ಟವನ್ನು ತುಂಬುವವರಾರು ಎಂಬುದು ಅನುಷ್ಠಾನದ ಪ್ರಶ್ನೆ. ಎರಡೂ ಸಮಿತಿಗಳಿಗೆ ಎರಡೂ ಪ್ರಶ್ನೆಗಳನ್ನು ಒಟ್ಟಿಗೇ ಒಪ್ಪಿಸಲಾಯಿತು. ಫಲವೇನೆಂದರೆ, ನಷ್ಟದ ಭಯವಿದ್ದವರು ವಿಜ್ಞಾನವನ್ನೇ ಸುಳ್ಳೆಂದರು. ವಿಜ್ಞಾನವನ್ನು ನೆಚ್ಚಿದವರು ನಷ್ಟದ ಭಯವನ್ನೇ ಸುಳ್ಳೆಂದರು. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತು ಸಮಸ್ತರು ಸೇರಲೇ ಇಲ್ಲ. ತಂತ್ರಿಗಳನ್ನು ಎರಡು ಸಲ ಕರೆಸಿದ್ದಾಯಿತು. ಊರಿನವರನ್ನು ಒಮ್ಮೆಯೂ ಅಂಗಳಕ್ಕೆ ಕರೆದು ಕೂರಿಸಲಿಲ್ಲ.

ಹಾಗೆಂದು ಬಾನ್ ನಗರದ ಮಂಡಲಿಗಳು ಆದರ್ಶವೆಂದು ಹಾಡಿ ಹೊಗಳುವುದು ನನ್ನ ಉದ್ದೇಶವಲ್ಲ. ೧೯೯೫ರಲ್ಲಿ, ಅವು ಮೊದಲು ಸೇರಿದಾಗ, ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಇಂಗಾಲದ ಡೈಆಕ್ಸೈಡ್ ಸುಮಾರು ೩೬೦ ಭಾಗವಿತ್ತು. ೨೦೨೪ರಲ್ಲಿ ಅದು ೪೨೦ನ್ನು ದಾಟಿತ್ತು. ಹೊಣೆಯನ್ನು ಎಷ್ಟು ಅಂದವಾಗಿ ಹಂಚಿದರೂ ಹೊರುವ ಮನಸ್ಸಿಲ್ಲದವರ ಹೆಗಲ ಮೇಲೆ ಅದು ನಿಲ್ಲುವುದಿಲ್ಲ. ಆದರೆ ಆ ಹಂಚಿಕೆಯಿಂದ ಒಂದು ಲಾಭವಾಗಿದೆ. ಅಲ್ಲಿ ಜಗಳವಾದಾಗ ಅದು ಯಾವ ಜಗಳವೆಂದು ಗೊತ್ತಾಗುತ್ತದೆ. ಕಾಟೊವಿತ್ಸೆಯಲ್ಲಿ ನಾಲ್ಕು ದೇಶಗಳು ಒಂದು ಶಬ್ದಕ್ಕೆ ಅಡ್ಡ ನಿಂತಾಗ, ಯಾರು ನಿಂತರು, ಯಾವ ಶಬ್ದಕ್ಕೆ ನಿಂತರು ಎಂಬುದು ಮರುದಿನ ಜಗತ್ತಿಗೆ ತಿಳಿಯಿತು. ನಮ್ಮ ಘಟ್ಟದ ವಿಷಯದಲ್ಲಿ ಆರು ಕರಡುಗಳಾದ ಮೇಲೂ, ಹೆಬ್ರಿಯ ರೈತನೊಬ್ಬ ಯಾವ ಸಾಲಿಗೆ ಒಪ್ಪಿದ, ಯಾವ ಸಾಲಿಗೆ ಒಪ್ಪಲಿಲ್ಲ ಎಂದು ಹೇಳುವ ದಾಖಲೆ ಎಲ್ಲಿದೆ?

ಆದಕಾರಣ ಏಳನೆಯ ಕರಡಿಗೆ ಕೈ ಹಾಕುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಇದುವರೆಗಿನ ಎರಡು ವರದಿಗಳ ಸಾರವನ್ನೂ ಆಯಾ ಗ್ರಾಮದ ನಕ್ಷೆಯನ್ನೂ ತಿಳಿಗನ್ನಡದಲ್ಲಿ ಅಚ್ಚು ಹಾಕಿಸಿ ಪಟ್ಟಿಯಲ್ಲಿರುವ ಪ್ರತಿಯೊಂದು ಪಂಚಾಯತಿಗೆ ತಲುಪಿಸಬೇಕು. ಇದು ಅಳತೆಯ ಮಾತು, ಇದು ಕಟ್ಟುಪಾಡಿನ ಮಾತು, ಇದು ಪರಿಹಾರದ ಮಾತು ಎಂದು ಬೇರ್ಪಡಿಸಿ ತೋರಿಸಬೇಕು. ಅಳತೆ ತಪ್ಪಿದ್ದರೆ ಬೈಲು ಬೆಟ್ಟುಗಳನ್ನು ಬಲ್ಲವನು ತಿದ್ದಲಿ. ಕಟ್ಟುಪಾಡು ಹೆಚ್ಚಾದರೆ ಅದನ್ನು ಹೊರುವವನು ಹೇಳಲಿ. ಪರಿಹಾರ ಸಾಲದಿದ್ದರೆ ಕೊಡುವವರು ಉತ್ತರಿಸಲಿ. ಈ ಮೂರು ಮಾತುಗಳನ್ನು ಹೊಸೆದು ಒಂದೇ ಹಗ್ಗ ಮಾಡಿದ್ದರಿಂದಲೇ ಎರಡು ಕಡೆಯವರೂ ಅದನ್ನು ಹಿಡಿದು ಜಗ್ಗುತ್ತಿದ್ದಾರೆ. ಈ ಕೆಲಸಕ್ಕೆ ಹೊಸ ಸಮಿತಿ ಬೇಕಾಗಿಲ್ಲ. ಕನ್ನಡ ಬಲ್ಲ ನಾಲ್ಕು ಜನ, ಹಳ್ಳಿಯ ಶಾಲೆಯ ಒಂದು ಜಗಲಿ, ಕೇಳಿಸಿಕೊಂಡದ್ದನ್ನು ಕೇಳಿಸಿಕೊಂಡಂತೆಯೇ ಬರೆದಿಡುವ ಒಬ್ಬ ಗುಮಾಸ್ತ, ಇಷ್ಟಿದ್ದರೆ ಸಾಕು.